ಬ್ಯಾಟರಿಗೆ 8 ವರ್ಷ, ಭಾರ ಹೊರುವ ಕಬ್ಬಿಣಕ್ಕೆ 3 ವರ್ಷ

ಇವತ್ತು ಬೆಳಿಗ್ಗೆ ಹಾಸನದ ಸರ್ವಿಸ್ ಸೆಂಟರ್‌ನಲ್ಲಿ ಕಂಡದ್ದನ್ನು ಬರೆಯದೆ ಮಲಗಿದರೆ ನನಗೆ ನಿದ್ದೆ ಬರುವುದಿಲ್ಲ.

ನನ್ನ ಎಲೆಕ್ಟ್ರಿಕ್ ಕಾರಿನ ಗೋಳು ಇಲ್ಲಿರುವ ಬಹಳ ಜನಕ್ಕೆ ಗೊತ್ತು. ಮುಂದಿನ ಸಬ್‌ಫ್ರೇಮ್, ಅಂದರೆ ಮೋಟಾರನ್ನೂ ಚಕ್ರಗಳನ್ನೂ ಹಿಡಿದಿರುವ ಕಬ್ಬಿಣದ ಚೌಕಟ್ಟು, ಬಿರುಕು ಬಿಟ್ಟಿದೆ, ವಾರಂಟಿ ಮುಗಿದಿದೆ, ದುಡ್ಡು ನಾನೇ ಕಟ್ಟಬೇಕಂತೆ. ನಾಲ್ಕು ತಿಂಗಳಿಂದ ಕೇಳಿ ಕೇಳಿ ನಿಮಗೂ ಸಾಕಾಗಿರಬೇಕು. ಇವತ್ತು ಹೋಗಿದ್ದು ಹಳೇ ಜಾಬ್ ಕಾರ್ಡಿನ (ಸರ್ವಿಸ್‌ಗೆ ಬಿಟ್ಟಾಗ ಗಾಡಿಯ ತೊಂದರೆ ಬರೆದುಕೊಳ್ಳುವ ಕಾಗದ) ಕಾಪಿ ಕೇಳಲು. ಕೌಂಟರ್ ಮುಂದೆ ಬಿಕ್ಕೋಡು ಕಡೆಯ ರಿಟೈರ್ಡ್ ಮೇಷ್ಟ್ರೊಬ್ಬರು ಕೂತಿದ್ದರು. ನನ್ನದೇ ಕಾರು, ಬಣ್ಣ ಮಾತ್ರ ಬೇರೆ. ಕೈಯಲ್ಲಿ ಎಸ್ಟಿಮೇಟ್ ಕಾಗದ. ಮುಂದಿನ ಸಬ್‌ಫ್ರೇಮ್ ಬಿರುಕು ಬಿಟ್ಟಿದೆ, ಚಕ್ರ ಹಿಡಿದಿರುವ ಎರಡೂ ಲೋವರ್ ಆರ್ಮ್ ಹೋಗಿವೆ, ಅವುಗಳ ರಬ್ಬರ್ ಬುಷ್ ಎಲ್ಲಾ ಬದಲಿಸಬೇಕು, ಮೋಟಾರ್ ಇಳಿಸಿ ಹತ್ತಿಸುವ ಕೂಲಿ ಬೇರೆ. ಒಟ್ಟು 1,38,000 ರೂಪಾಯಿ.

'ಔಟ್ ಆಫ್ ವಾರಂಟಿ ಸರ್' ಅಂದ ಕೌಂಟರಿನ ಹುಡುಗ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಓದಿದರು. 'ಎಂಟು ವರ್ಷ ಅಂದಿದ್ರಲ್ಲಪ್ಪಾ?'

'ಅದು ಬ್ಯಾಟರಿಗೆ ಸರ್.'

'ಇದು ಕಬ್ಬಿಣ ಅಲ್ವೇನಪ್ಪಾ? ಕಬ್ಬಿಣ ಬ್ಯಾಟರಿಗಿಂತ ಬೇಗ ಹೋಗುತ್ತಾ?'

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪಾಪ, ಅವನನ್ನು ಬೈದು ಪ್ರಯೋಜನ ಇಲ್ಲ. ಆದರೆ ಆಮೇಲೆ ಅವನು ಒಂದು ಮಾತು ಹೇಳಿದ. 'ನಿಮ್ಮದೊಂದೇ ಗಾಡೀಲಿ ಹೀಗಾಗಿರೋದು ಸರ್.' ನಾನು ಅವರ ಹಿಂದೆಯೇ ನಿಂತಿದ್ದೆ. ನಾಲ್ಕು ತಿಂಗಳ ಹಿಂದೆ ಇದೇ ಕೌಂಟರಿನಲ್ಲಿ ಇದೇ ಮಾತನ್ನು ನನಗೂ ಹೇಳಿದ್ದರು. ನನಗೆ ಮೈಯೆಲ್ಲಾ ಉರಿದುಹೋಯಿತು. ಅಷ್ಟು ಜನರ ಮುಂದೆ ಜೋರಾಗಿಯೇ ಕೇಳಿಬಿಟ್ಟೆ, 'ನಂದು ಯಾವ ಗಾಡಿ ಹಾಗಾದ್ರೆ?' ಅಂತ.

ನಿಮಗೆ ಗೊತ್ತು, ನಾನು ದಿನಾ ಹಾಸನದಿಂದ ಸಕಲೇಶಪುರದ ಕಾಲೇಜಿಗೆ ಹೋಗಿ ಬರುವವಳು. ಆಲೂರು, ಬಾಳ್ಳುಪೇಟೆ ದಾಟಿ ಒಂದು ಕಡೆಗೆ ಸುಮಾರು 40 ಕಿಲೋಮೀಟರ್. ಪೆಟ್ರೋಲ್ ಕಾರಿನಲ್ಲಿ ದಿನಕ್ಕೆ 500 ರೂಪಾಯಿ ಹತ್ತಿರ ಹೋಗುತ್ತಿತ್ತು. ಮನೆಯಲ್ಲೇ ಚಾರ್ಜ್ ಮಾಡಿದರೆ ನೂರು ರೂಪಾಯಿಯೂ ಆಗುವುದಿಲ್ಲ. ಸಾಲ ಮಾಡಿ ಎಲೆಕ್ಟ್ರಿಕ್ ಕಾರು ತಗೊಂಡಿದ್ದು ಈ ಲೆಕ್ಕದ ಮೇಲೆಯೇ, ಮತ್ತು ಆ ಲೆಕ್ಕ ಇವತ್ತಿಗೂ ಸರಿಯಾಗಿದೆ. ಕಾರು ಓಡಿಸಲು ಈಗಲೂ ನನಗೆ ಇಷ್ಟ. ಬ್ಯಾಟರಿ ಒಂದು ದಿನ ಕೈ ಕೊಟ್ಟಿಲ್ಲ. ನನ್ನ ಜಗಳ ಬ್ಯಾಟರಿ ಜೊತೆಗಲ್ಲ.

ಜಗಳ ಆ ಕಬ್ಬಿಣದ ಬಗ್ಗೆ. ಮೋಟಾರ್ ಕೂರುವುದು ಸಬ್‌ಫ್ರೇಮ್ ಮೇಲೆ. ಚಕ್ರ ಹಿಡಿದಿರುವ ಆರ್ಮ್‌ಗಳು, ಸ್ಟೇರಿಂಗ್ ಎಲ್ಲಾ ಅದಕ್ಕೇ ಬೋಲ್ಟ್ ಆಗಿರುತ್ತವೆ. ಅದು ಗಾಡಿಯ ಎಲುಬು. ಬ್ರೇಕ್ ಪ್ಯಾಡ್ ಸವೆಯುತ್ತದೆ, ಟೈರ್ ಸವೆಯುತ್ತದೆ, ವೈಪರ್ ರಬ್ಬರ್ ಸವೆಯುತ್ತದೆ, ಅದು ಎಲ್ಲರಿಗೂ ಗೊತ್ತು. ಎಲುಬು ಸವೆಯುತ್ತದಾ? ಗಾಡಿ ಇರುವಷ್ಟು ದಿನ ಇರಬೇಕಾದ ವಸ್ತು ಅದು. ನಮ್ಮ ಕಡೆ ತೋಟಗಳಲ್ಲಿ 25 ವರ್ಷದ ಜೀಪುಗಳು ಇನ್ನೂ ಗೊಬ್ಬರ ಹೊರುತ್ತಿವೆ.

ಕಾರು ತಗೊಳ್ಳುವಾಗ ನಾವೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಬ್ಯಾಟರಿ ಎಷ್ಟು ವರ್ಷ? 8 ವರ್ಷ ಅಥವಾ 1,60,000 ಕಿಲೋಮೀಟರ್ ಅಂದರು. ಸಮಾಧಾನ ಆಯಿತು. ಉಳಿದ ಗಾಡಿಗೆ 3 ವರ್ಷ ಅನ್ನುವುದು ಪುಸ್ತಕದಲ್ಲಿತ್ತು, ನಾನು ಓದಿಯೂ ಇದ್ದೆ. ಉಳಿದದ್ದರಲ್ಲಿ ಎಲುಬೂ ಸೇರಿದೆ ಅಂತ ತಲೆಗೆ ಹೋಗಲಿಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಬಗ್ಗೆ ಕೇಳಿದೆ. 'ಇಂಜಿನ್ ಇಲ್ಲ, ಆಯಿಲ್ ಇಲ್ಲ, ಹಾಳಾಗೋಕೆ ಏನಿದೆ ಮೇಡಂ?' ಅಂದರು. ನಂಬಿದೆ.

ನಂಬಿದ್ದಷ್ಟೇ ಅಲ್ಲ. ಅದೇ ಮಾತನ್ನು ಸ್ಟಾಫ್ ರೂಮಿನಲ್ಲಿ ಕೂತು ಎಷ್ಟು ಜನಕ್ಕೆ ಹೇಳಿದ್ದೇನೋ. ನನ್ನ ಮಾತು ಕೇಳಿ ಇಬ್ಬರು ಅದೇ ಕಾರು ತಗೊಂಡರು. ಒಬ್ಬರು ಹೆಂಡತಿಯ ಒಡವೆ ಇಟ್ಟು ಮುಂಗಡ ಕಟ್ಟಿದವರು. ಅವರ ಗಾಡಿಗೆ ಬರುವ ಜನವರಿಗೆ 3 ವರ್ಷ ತುಂಬುತ್ತದೆ. ಅವರನ್ನು ಕಾರಿಡಾರಿನಲ್ಲಿ ಕಂಡಾಗ ಮೊದಲಿನ ಹಾಗೆ ಮಾತಾಡಿಸಲು ನನಗೆ ಆಗುತ್ತಿಲ್ಲ. ಅವರು ಒಂದು ಮಾತೂ ಅಂದಿಲ್ಲ. ಬೈದಿದ್ದರೆ ವಾಸಿ ಇತ್ತು.

ಈಗ ನನ್ನ ಗಾಡಿಗೆ ಆಗಿದ್ದು ಹೇಳುತ್ತೇನೆ. 2 ವರ್ಷ 10 ತಿಂಗಳಿಗೆ, ಅಂದರೆ ವಾರಂಟಿ ಇರುವಾಗಲೇ, ಬಾಳ್ಳುಪೇಟೆ ಹತ್ತಿರ ಹಂಪ್ ಇಳಿಯುವಾಗ ಮುಂದಿನಿಂದ 'ಟಕ್' ಅಂತ ಶಬ್ದ ಶುರುವಾಯಿತು. ಗಾಡಿ ಎಡಕ್ಕೆ ಎಳೆಯುತ್ತಿತ್ತು. ಟೈರಿನ ಒಳ ಅಂಚು ಮಾತ್ರ ಸವೆದಿತ್ತು. ತೋರಿಸಿದೆ. ವೀಲ್ ಅಲೈನ್‌ಮೆಂಟ್ ಮಾಡಿದರು, ಬುಷ್‌ಗೆ ಏನೋ ಸ್ಪ್ರೇ ಹೊಡೆದರು, 'ನಾರ್ಮಲ್ ಮೇಡಂ' ಅಂದರು. 3 ವರ್ಷ ದಾಟಿ ಎರಡು ತಿಂಗಳಿಗೆ ಮತ್ತೆ ಹೋದೆ. ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಾಕಿ ಬಿರುಕು ತೋರಿಸಿದರು. ಅದಕ್ಕೆ ನಾಲ್ಕು ತಿಂಗಳ ಮೊದಲು, ವಾರಂಟಿ ಇದ್ದಾಗ, ಯಾರೂ ಆ ಟಾರ್ಚ್ ಹಾಕಿರಲಿಲ್ಲ ಅಲ್ವಾ?

ನನಗೆ ಕೊಟ್ಟ ಎಸ್ಟಿಮೇಟ್ 1,12,000.

ಕಾರಣ ಏನು ಅಂತ ಕೇಳಿದೆ. 'ಗುಂಡಿಗೆ ಬಿದ್ದಿರಬೇಕು, ಹೊರಗಿನ ಹೊಡೆತ' ಅಂದರು. ಸರಿ, ಹೊರಗಿನ ಹೊಡೆತ ಅಂದರೆ ಇನ್ಶೂರೆನ್ಸ್‌ಗೆ ಬರಬೇಕಲ್ಲ. ಕ್ಲೇಮ್ ಹಾಕಿದೆ. ಸರ್ವೇಯರ್ ಬಂದರು, ಬಗ್ಗಿ ನೋಡಿದರು. 'ಹೊಡೆತದ ಗುರುತೇ ಇಲ್ಲ. ಇದು ಸವೆತ, ಇಲ್ಲಾ ತಯಾರಿಕೆಯ ದೋಷ. ಪಾಲಿಸಿಯಲ್ಲಿ ಬರಲ್ಲ' ಅಂತ ಬರೆದುಕೊಟ್ಟರು. ಅವರ ಮಾತು ನಿಜ. ಸವೆತಕ್ಕೂ ತಾನಾಗಿ ಆದ ಮುರಿತಕ್ಕೂ ಮೋಟಾರು ಪಾಲಿಸಿ ದುಡ್ಡು ಕೊಡುವುದಿಲ್ಲ. ಆ ಕಾಗದ ತಂದು ಸರ್ವಿಸ್ ಸೆಂಟರಿಗೆ ತೋರಿಸಿದೆ. 'ಅದು ಅವರ ಅಭಿಪ್ರಾಯ ಮೇಡಂ' ಅಂದರು. ಒಂದೇ ಬಿರುಕು. ಇವರಿಗೆ ಅದು ಹೊಡೆತ, ಅವರಿಗೆ ಸವೆತ. ದುಡ್ಡು ಮಾತ್ರ ಎರಡು ಕಡೆಯಿಂದಲೂ ನನ್ನದೇ.

ಕೊನೆಗೆ ನಮ್ಮ ಹಳೇ ಗ್ಯಾರೇಜಿಗೆ ಹೋದೆ. ಅಪ್ಪನ ಕಾಲದಿಂದ ನಮ್ಮ ಗಾಡಿ ನೋಡಿದವರು. ಕೆಳಗೆ ಮಲಗಿ ನೋಡಿ ಎದ್ದು ಬಂದರು. 'ಅಕ್ಕಾ, ಪೆಟ್ರೋಲ್ ಗಾಡಿ ಆಗಿದ್ರೆ ಬೆಂಗಳೂರಿನ ಜೆ.ಸಿ. ರಸ್ತೇಲೋ, ಗುಜರೀಲೋ ಹುಡುಕಿ ತರ್ತಿದ್ದೆ. ಇದಕ್ಕೆ ಹಳೇ ಪಾರ್ಟೇ ಸಿಗಲ್ಲ. ವೆಲ್ಡಿಂಗ್ ಮಾಡೋಣ ಅಂದ್ರೆ ಈ ಕಿತ್ತಳೆ ವೈರ್ ಹತ್ರ ನನಗೆ ಧೈರ್ಯ ಇಲ್ಲ' ಅಂದರು. ಆ ಕಿತ್ತಳೆ ವೈರುಗಳಲ್ಲಿ ಹರಿಯುವುದು ನೂರಾರು ವೋಲ್ಟ್. ಅವರು ಹೇಳಿದ್ದು ಸರಿ. ಸಾಲದ್ದಕ್ಕೆ ಚಕ್ರ ಹಿಡಿದಿರುವ ಜಾಗಕ್ಕೆ ವೆಲ್ಡಿಂಗ್ ಹಾಕಿಕೊಂಡು ಘಾಟಿ ರಸ್ತೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಲು ನನಗೂ ಧೈರ್ಯ ಇಲ್ಲ.

ಹಿಂದಿನ ಪೋಸ್ಟಿಗೆ ಕೆಲವರು ಬರೆದಿದ್ದರು, ನಮ್ಮ ರಸ್ತೆ ಹಾಗಿರುವಾಗ ಕಂಪನಿ ಏನು ಮಾಡುತ್ತೆ ಅಂತ. ರಸ್ತೆ ಕೆಟ್ಟಿದೆ, ಒಪ್ಪಿದೆ. ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಾಗ ಆ ದಾರಿಯ ಧೂಳು, ಕೆಸರು, ಗುಂಡಿ ಎಲ್ಲಾ ಅನುಭವಿಸಿದವಳು ನಾನೇ. ಆದರೆ ಈ ಕಾರು ಮಾರಿದ್ದು ಹಾಸನದಲ್ಲಿ. ಟೆಸ್ಟ್ ಡ್ರೈವ್ ಕೊಟ್ಟಿದ್ದು ಇದೇ ರಸ್ತೆಯಲ್ಲಿ. ಶಿರಾಡಿ ಹತ್ತಬಹುದಾ ಅಂತ ಕೇಳಿದಾಗ ಆರಾಮಾಗಿ ಹತ್ತುತ್ತೆ ಅಂದವರೂ ಅವರೇ. ಇಲ್ಲಿ ಮಾರುವ ಗಾಡಿ ಇಲ್ಲಿನ ರಸ್ತೆ ತಡೆಯಬೇಕು. ನಮ್ಮಂಥ ಕಾರುಗಳಲ್ಲಿ ಬ್ಯಾಟರಿ ಒಂದೇ 250, 300 ಕೆಜಿ ತೂಗುತ್ತದೆ. ಅಂದರೆ ಐದಾರು ಮೂಟೆ ಕಾಫಿಯನ್ನು ಸದಾ ಹೇರಿಕೊಂಡೇ ಓಡಾಡಿದ ಹಾಗೆ. ಪೆಡಲ್ ಒತ್ತಿದ ಕ್ಷಣಕ್ಕೆ ಮೋಟಾರ್ ಪೂರ್ತಿ ಎಳೆತ ಕೊಡುತ್ತದೆ. ಇದು ಕಂಪನಿಗೆ ಗೊತ್ತಿಲ್ಲದ ಸಂಗತಿಯಾ? ತೂಕ ಜಾಸ್ತಿ ಮಾಡಿದವರು ಎಲುಬನ್ನೂ ಅಷ್ಟೇ ಗಟ್ಟಿ ಮಾಡಬೇಕಿತ್ತು. ಮಾಡಿದ್ದೇವೆ ಅನ್ನುವುದಾದರೆ ಅದಕ್ಕೂ 8 ವರ್ಷ ಬರೆದುಕೊಡಲಿ.

ರಸ್ತೆಯ ಮೇಲೆ ತಪ್ಪು ಹಾಕುವುದು ನಮ್ಮಲ್ಲಿ ಮಾತ್ರ ನಡೆದದ್ದೂ ಅಲ್ಲ. 2020ರಲ್ಲಿ ಚೀನಾದಲ್ಲಿ ಟೆಸ್ಲಾ ತನ್ನ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳನ್ನು ಸಾವಿರಗಟ್ಟಲೆ ವಾಪಸ್ ಕರೆಯಬೇಕಾಯಿತು. ಸಸ್ಪೆನ್ಷನ್ ಲಿಂಕ್ ಮುರಿಯುವ ಭಯ. ಅಮೆರಿಕದ ಅಧಿಕಾರಿಗಳಿಗೆ ಮಾತ್ರ ಅದೇ ಕಂಪನಿ, ದೋಷ ಇಲ್ಲ, ಚೀನಾದ ಚಾಲಕರು ಬಳಸಿದ ರೀತಿ ಕಾರಣ ಅಂತ ಬರೆದಿತ್ತು. ಅದನ್ನು ಓದಿದಾಗ ನನಗೆ ಈ ಕೌಂಟರೇ ನೆನಪಾಯಿತು.

ಅಲ್ಲಿ ಸರ್ಕಾರ ಹಿಡಿದು ಕೇಳಿತು. ನಮ್ಮಲ್ಲೂ ಕೇಳುವ ದಾರಿ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಾಗ 110ಎ ಅಂತ ಒಂದು ಕಲಂ ಸೇರಿತು. ಒಂದೇ ಮಾದರಿಯ ಗಾಡಿಗಳಲ್ಲಿ ಅಪಾಯದ ದೋಷ ಕಂಡರೆ ವಾಪಸ್ ಕರೆಯಿರಿ ಅಂತ ಕೇಂದ್ರ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು. ಆದರೆ ಅದಕ್ಕೆ ಎಷ್ಟು ಮಾಲೀಕರು ದೂರು ಕೊಟ್ಟಿದ್ದಾರೆ ಅನ್ನುವುದು ಲೆಕ್ಕಕ್ಕೆ ಬರುತ್ತದೆ. 'ನಿಮ್ಮದೊಂದೇ' ಅನ್ನುವ ಮಾತು ಅದಕ್ಕೇ ನನಗೆ ಅಷ್ಟು ಉರಿಸಿದ್ದು. ಆ ಮಾತು ನಂಬಿ ನಾವು ಒಬ್ಬೊಬ್ಬರೇ ದುಡ್ಡು ಕಟ್ಟಿ ಮನೆಗೆ ಹೋದರೆ ಲೆಕ್ಕ ಯಾವತ್ತೂ ಒಂದನ್ನು ದಾಟುವುದಿಲ್ಲ.

ಗ್ರಾಹಕರ ಆಯೋಗಕ್ಕೂ ಹೋಗುತ್ತಿದ್ದೇನೆ. ಮೊದಲು ಹೆದರಿದ್ದೆ, ಕಂಪನಿ ಇರುವ ಊರಿಗೆ ಅಲೆಯಬೇಕೇನೋ ಅಂತ. ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 10ರಿಂದ 20 ಲಕ್ಷದೊಳಗಿನ ವಸ್ತುವಿಗೆ ಶುಲ್ಕ 400 ರೂಪಾಯಿ. ತೊಂದರೆ ಆದ 2 ವರ್ಷದೊಳಗೆ ಕೊಡಬೇಕು. ತಯಾರಿಕೆಯ ದೋಷ ಮಾತ್ರ ಅಲ್ಲ, ವಿನ್ಯಾಸದ ದೋಷಕ್ಕೂ ಕಂಪನಿ ಹೊಣೆ ಅಂತ ಆ ಕಾಯ್ದೆಯಲ್ಲೇ ಇದೆ. ಗೆಲ್ಲುತ್ತೇನೋ ಇಲ್ಲವೋ ಬೇರೆ ಮಾತು. ವಾರಂಟಿ ಇರುವಾಗಲೇ ಶಬ್ದದ ಬಗ್ಗೆ ಹೇಳಿದ್ದಕ್ಕೆ ನನ್ನ ಹತ್ತಿರ ಜಾಬ್ ಕಾರ್ಡ್ ಇದೆ. ಇವತ್ತು ಅದರ ಕಾಪಿ ಸಿಕ್ಕಿತು. ಸುಮ್ನೆ ಕೊಡಲಿಲ್ಲ, ಒಂದೂವರೆ ಗಂಟೆ ಕೂರಿಸಿದರು.

ಅಲ್ಲಿಯವರೆಗೂ ಮೇಷ್ಟ್ರು ನನ್ನ ಜೊತೆ ಕೂತಿದ್ದರು. ರಿಟೈರ್‌ಮೆಂಟ್ ದುಡ್ಡಿನಲ್ಲಿ ತಗೊಂಡ ಕಾರಂತೆ. ಮನೆಯವರಿಗೆ ಮಂಡಿ ನೋವು, ಬಸ್ ಹತ್ತಲು ಆಗುವುದಿಲ್ಲ. ಆಸ್ಪತ್ರೆಗೆ ಹಾಸನಕ್ಕೆ ಕರೆತರಲು ಅಂತಲೇ ತಗೊಂಡದ್ದು. 'ಇಷ್ಟು ದುಡ್ಡು ಕಟ್ಟಿದೆ ಅಂತ ಅವಳಿಗೆ ಹೇಗಮ್ಮಾ ಹೇಳ್ಲಿ?' ಅಂದರು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. 'ಇನ್ನೂ ಕಟ್ಟಬೇಡಿ ಮೇಷ್ಟ್ರೇ' ಅಂದೆ. 'ನಿಮಗೂ ಮೊದಲೇ ಶಬ್ದ ಬಂದಿತ್ತಾ?' ಅಂತ ಕೇಳಿದೆ. ಬಂದಿತ್ತಂತೆ. ಅವರೂ ಹೇಳಿದ್ದರಂತೆ. ಅವರಿಗೂ ನಾರ್ಮಲ್ ಅಂದಿದ್ದರಂತೆ.

ಎಸ್ಟಿಮೇಟನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು ಬೇಲೂರು ಬಸ್ಸಿಗೆ ಹೊರಟರು. ನಾನೇ ಸ್ಟ್ಯಾಂಡಿನವರೆಗೆ ಆಟೋದಲ್ಲಿ ಬಿಟ್ಟು ಬಂದೆ. ಶನಿವಾರ ಅವರ ಎಲ್ಲಾ ಜಾಬ್ ಕಾರ್ಡ್ ತಗೊಂಡು ನಮ್ಮ ಮನೆಗೆ ಬರುತ್ತಾರೆ. ಕೂತು ದೂರು ಬರೆಯುತ್ತೇವೆ.

ಹಾಸನ, ಚಿಕ್ಕಮಗಳೂರು ಕಡೆ ಯಾರಿಗಾದರೂ ಇದೇ ತೊಂದರೆ ಆಗಿದ್ದರೆ ಎಸ್ಟಿಮೇಟ್, ಹಳೇ ಜಾಬ್ ಕಾರ್ಡಿನ ಫೋಟೋ ಇನ್‌ಬಾಕ್ಸಿಗೆ ಕಳಿಸಿ. ಇನ್ನೂ 3 ವರ್ಷ ತುಂಬಿಲ್ಲದವರು ಈ ವಾರವೇ ಗಾಡಿಯನ್ನು ಲಿಫ್ಟ್ ಮೇಲೆ ಹಾಕಿಸಿ, ಕೆಳಗೆ ನೀವೇ ನಿಂತು ಟಾರ್ಚ್ ಹಿಡಿದು ನೋಡಿ. ಶಬ್ದ ಇದ್ದರೆ ಜಾಬ್ ಕಾರ್ಡಿನಲ್ಲಿ ಬರೆಸಿ. ಬಾಯಲ್ಲಿ ಹೇಳಿ ಬರಬೇಡಿ. ಸ್ಟಾಫ್ ರೂಮಿನ ನನ್ನ ಇಬ್ಬರು ಗೆಳೆಯರಿಗೆ ನಾಳೆ ಬೆಳಿಗ್ಗೆ ಇದನ್ನು ನಾನೇ ಹೇಳುತ್ತೇನೆ.