ಸಂತೆ ಮುಗಿದ ಮೇಲೆ ಸೋಮವಾರ ಏನು ಮಾಡಿದ್ರಿ?

ಪ್ರೈಮರಿ ಶಾಲೆಗಳಲ್ಲಿ ಈಗ ದಿನಕ್ಕೊಂದು 'ಡೇ'. ಒಂದು ದಿನ ಹಳದಿ ಬಣ್ಣದ ದಿನ, ಇನ್ನೊಂದು ದಿನ ಹಣ್ಣಿನ ದಿನ, ಮತ್ತೊಂದು ದಿನ ಅಜ್ಜ-ಅಜ್ಜಿ ದಿನ. ವಾರ ಮುಗಿಯುವ ಹೊತ್ತಿಗೆ ಪೋಷಕರ ವಾಟ್ಸಾಪ್ ಗ್ರೂಪ್ ತುಂಬಾ ಫೋಟೊ. ಚೆನ್ನಾಗೇ ಇರುತ್ತವೆ, ನಾನೂ ಹಾರ್ಟ್ ಒತ್ತುತ್ತೇನೆ. ಆದರೆ ಮಂಗಳವಾರ ಮಾಡಿದ್ದು ಬುಧವಾರ ಏನಾಯಿತು ಅಂತ ಕೇಳಿ ನೋಡಿ. ಬುಧವಾರ ಬೇರೆ 'ಡೇ' ಇರುತ್ತದೆ. ಚಟುವಟಿಕೆ ಮಾಡಿಸುವುದರ ಬಗ್ಗೆ ನನ್ನ ತಕರಾರಿಲ್ಲ. ಮರುದಿನಕ್ಕೆ ಮುಂದುವರಿಯದ ಚಟುವಟಿಕೆ ಯಾಕೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ದಾವಣಗೆರೆಯಲ್ಲಿ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ ಇಟ್ಟುಕೊಂಡವನು ನಾನು. ಶಾಲೆ ಕಾಲೇಜುಗಳೇ ತುಂಬಿರುವ ಊರು, ಹಾಗಾಗಿ ಯಾವ ಶಾಲೆಯಲ್ಲಿ ನಾಳೆ ಏನಿದೆ ಅನ್ನುವುದು ಮಕ್ಕಳಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ರಾತ್ರಿ ಶಟರ್ ಎಳೆಯಬೇಕು, ಅಷ್ಟರಲ್ಲಿ ಒಂದು ಸ್ಕೂಟಿ ಬಂದು ನಿಲ್ಲುತ್ತದೆ. "ಅಣ್ಣಾ, ಸೌರಮಂಡಲದ್ದು ಕಲರ್ ಪ್ರಿಂಟ್ ಬೇಕಿತ್ತು. ಥರ್ಮಾಕೋಲ್ ಐತಾ? ಬೆಳಿಗ್ಗೆ ಎಂಟಕ್ಕೆ ವ್ಯಾನ್ ಬರುತ್ತೆ." ಮಗು ಎಲ್ಲಿ ಅಂದರೆ, ಮಲಗಿದೆ. ಗ್ರಹಗಳನ್ನು ಕತ್ತರಿಸುವುದು ಅಪ್ಪ, ಅಂಟಿಸುವುದು ಅಮ್ಮ. ಬೆಳಿಗ್ಗೆ ಮಗು ಅದನ್ನು ಎದೆಗೆ ಹಿಡಿದುಕೊಂಡು ನಿಂತರೆ ಒಂದು ಫೋಟೊ, ಸಂಜೆಗೆ ಥರ್ಮಾಕೋಲ್ ಕಸದ ಗಾಡಿಗೆ. ನನ್ನ ವ್ಯಾಪಾರಕ್ಕೆ ಇದು ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ. ಆದರೂ ಮನಸ್ಸಿಗೆ ಬರುವುದಿಲ್ಲ.

ನನ್ನ ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು. ಕಾನ್ವೆಂಟಿಗೆ ಯಾಕೆ ಹಾಕಲಿಲ್ಲ ಅನ್ನುವುದು ದೊಡ್ಡ ಕಥೆ, ನಮ್ಮ ಮನೆಯಲ್ಲೇ ಇನ್ನೂ ಮುಗಿದಿಲ್ಲ, ಬಿಡಿ. ಅವಳ ಕ್ಲಾಸಿನಲ್ಲಿ ನಡೆದದ್ದನ್ನು ಹೇಳುತ್ತೇನೆ.

ಬಿಸಿಯೂಟದಲ್ಲಿ ಮೊದಲು ವಾರಕ್ಕೆ ಎರಡು ದಿನ ಮೊಟ್ಟೆ ಇತ್ತು. 2024ರ ಸೆಪ್ಟೆಂಬರ್‌ನಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ಆರು ದಿನ ಆಯಿತು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಇವರ ಟೀಚರ್ ಒಂದು ಹಳೇ ರಟ್ಟನ್ನು ಗೋಡೆಗೆ ನೇತುಹಾಕಿ ಎರಡು ಕಾಲಂ ಹಾಕಿದರು. ಒಂದು ಕಡೆ ಮೊಟ್ಟೆ, ಇನ್ನೊಂದು ಕಡೆ ಬಾಳೆಹಣ್ಣು. ಊಟ ಆದ ಮೇಲೆ ದಿನಕ್ಕೆ ಇಬ್ಬರು ಮಕ್ಕಳು ಗೀಟು ಎಳೆಯಬೇಕು. ನಾಲ್ಕು ಉದ್ದ ಗೀಟು, ಐದನೆಯದು ಅಡ್ಡ. ಪ್ರಿಂಟ್ ಇಲ್ಲ, ಲ್ಯಾಮಿನೇಷನ್ ಇಲ್ಲ, ನನ್ನ ಅಂಗಡಿಗೆ ಒಂದು ರೂಪಾಯಿ ಲಾಭವೂ ಇಲ್ಲ.

ಮೊದಮೊದಲು ಲೆಕ್ಕ ಕೂಡಲೇ ಇಲ್ಲ. ಹಾಜರಿಗಿಂತ ತಿಂದವರೇ ಜಾಸ್ತಿ! ಟೀಚರ್ ತಿದ್ದಲಿಲ್ಲ, ನೀವೇ ಹುಡುಕಿ ಅಂದರಂತೆ. ಐದನೇ ಕ್ಲಾಸಿನ ಹುಡುಗರು ಇವರ ಸಾಲಿನಲ್ಲಿ ಬಂದು ಕೂತಿದ್ದು ಮರುದಿನ ಪತ್ತೆಯಾಯಿತು. ವಾರದ ಕೊನೆಗೆ ಗೀಟುಗಳನ್ನೆಲ್ಲ ಎಣಿಸಿ, ಚೌಕುಳಿ ಹಾಳೆಯಲ್ಲಿ ದಿನಕ್ಕೊಂದು ಕಂಬ ಮಾಡಿ ಬಣ್ಣ ತುಂಬಿದರು. ಅವತ್ತು ಮಗಳು ಅಂಗಡಿಗೆ ಬಂದವಳೇ, "ಅಪ್ಪಾ, ಸೋಮವಾರ ಮತ್ತೆ ಶನಿವಾರ ಬಾಳೆಹಣ್ಣಿನ ಕಂಬ ಉದ್ದ ಯಾಕೆ?" ಅಂದಳು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೋಮವಾರ ಈಶ್ವರನ ವಾರ, ಶನಿವಾರ ಹನುಮಪ್ಪನ ವಾರ. ಬೇರೆ ದಿನ ಎರಡು ಸಿಕ್ಕರೂ ತಿನ್ನುವ ಹುಡುಗರು ಅವತ್ತು ಮಾತ್ರ ಬಾಳೆಹಣ್ಣಿನ ಸಾಲಿಗೆ ಹೋಗುತ್ತಾರೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯವೇ. ಅದನ್ನು ಗೀಟಿನಲ್ಲಿ ಹಿಡಿದಿದ್ದು ಮಕ್ಕಳು.

ಕಥೆ ಇಲ್ಲಿಗೇ ನಿಂತಿದ್ದರೆ ಇದೂ ಒಂದು ಫೋಟೊ ಆಗುತ್ತಿತ್ತು. ಮುಂದಿನ ವಾರ ಟೀಚರ್ ಒಂದು ಹೆಜ್ಜೆ ಮುಂದೆ ಹೋದರು. ಸೋಮವಾರ ಎಷ್ಟು ಮೊಟ್ಟೆ ಬೇಕಾಗಬಹುದು ಅಂತ ಮಕ್ಕಳು ಮೊದಲೇ ಅಂದಾಜು ಬರೆಯಬೇಕು, ಆಮೇಲೆ ನಿಜವಾದ ಲೆಕ್ಕದ ಜೊತೆ ಹೋಲಿಸಬೇಕು. ಒಬ್ಬ ಕ್ಲಾಸಿನಲ್ಲಿ ಇರುವವರಿಗಿಂತ ಜಾಸ್ತಿ ಬರೆದನಂತೆ, ಎಲ್ಲರೂ ನಕ್ಕರಂತೆ. ಅದಾದ ಮೇಲೆ ಅಡುಗೆ ಅಕ್ಕ ಬಂದು, "ನಾಳೆಗೆ ನಿಮ್ಮ ಕ್ಲಾಸಿಂದು ಎಷ್ಟು ಕುದಿಸ್ಲಿ, ಹೇಳ್ರಪ್ಪಾ" ಅಂತ ಇವರನ್ನೇ ಕೇಳತೊಡಗಿದರು. ಮಗಳು ಇದನ್ನು ಹೇಳುವಾಗ ಅವಳ ಗತ್ತು ನೋಡಬೇಕಿತ್ತು. ಶ್ರಾವಣ ಬಂದರೆ ಲೆಕ್ಕವೆಲ್ಲ ಅಡಿಮೇಲಾಗುತ್ತದೆ ಅಂತ ನಾನು ಹೇಳಿದ್ದೇನೆ. ಅದಕ್ಕೂ ಒಂದು ಹಾಳೆ ತೆಗೆದಿಟ್ಟಿದ್ದಾರೆ.

ಚಟುವಟಿಕೆಯಿಂದ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ನಲಿ-ಕಲಿ ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ. ಆಂಧ್ರದ ಋಷಿವ್ಯಾಲಿಯ ಹಳ್ಳಿ ಶಾಲೆಗಳನ್ನು ನೋಡಿ ಬಂದ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ ಕಟ್ಟಿದ್ದು. 2009-10ರಲ್ಲಿ ರಾಜ್ಯಕ್ಕೆಲ್ಲ ಬಂತು. ನನ್ನ ಮಗಳೂ ಅದರಲ್ಲೇ ಓದಿದ್ದು. ಕ್ಲಾಸ್‌ರೂಮಿನಲ್ಲಿ ದಾರ ಕಟ್ಟಿ ಮಕ್ಕಳ ಚಿತ್ರ, ಬರಹ ನೇತುಹಾಕುವ ಕಲಿಕಾ ಚಪ್ಪರ, ಮಕ್ಕಳ ಕೈಗೆ ಎಟುಕುವ ಹಾಗೆ ಗೋಡೆಯ ಕೆಳಗಿನ ಕಪ್ಪುಹಲಗೆ, ನೆಲದ ಮೇಲೆ ಗುಂಪು ಗುಂಪಾಗಿ ಕೂರುವುದು. ಇದೆಲ್ಲ ಕಣ್ಣಿಗೆ ಕಾಣುವ ಭಾಗ. ಅಸಲು ವಿಷಯ ಕಲಿಕಾ ಏಣಿಯಲ್ಲಿದೆ. ಮಗು ಒಂದು ಕಾರ್ಡ್ ಮುಗಿಸಿದ ಮೇಲೆ ಮುಂದಿನ ಕಾರ್ಡ್. ಜ್ವರ ಬಂದು ವಾರಗಟ್ಟಲೆ ರಜೆ ಹಾಕಿದರೂ ವಾಪಸ್ ಬಂದಾಗ ಬಿಟ್ಟಲ್ಲಿಂದಲೇ ಶುರು, ಉಳಿದವರು ಎಲ್ಲಿದ್ದಾರೆ ಅನ್ನುವ ಗೋಜಿಲ್ಲ. ಕಬ್ಬಿನ ಕಡಿತಕ್ಕೋ ಇನ್ಯಾವುದೋ ಕೂಲಿಗೋ ಅಪ್ಪ-ಅಮ್ಮನ ಜೊತೆ ಊರು ಬಿಟ್ಟು ಹೋಗಿ ಬರುವ ಮಕ್ಕಳಿಗೆ ಇದು ಎಷ್ಟು ಮುಖ್ಯ ಅಲ್ವಾ? ಕಾರ್ಡು ಹರಿದಿದ್ದರೆ, ಒಬ್ಬರೇ ಟೀಚರ್ ಮೂರು ಕ್ಲಾಸು ನೋಡಿಕೊಂಡರೆ ಇದು ಕೆಡುತ್ತದೆ, ಕೆಟ್ಟಿದ್ದನ್ನೂ ನೋಡಿದ್ದೇನೆ. ಆದರೆ ಯೋಚನೆ ಸರಿ ಇತ್ತು.

ಈಗ ಬರುವ ಎಷ್ಟೋ ಕಾರ್ಯಕ್ರಮಗಳಲ್ಲಿ ಈ 'ಬಿಟ್ಟಲ್ಲಿಂದ ಶುರು' ಅನ್ನುವುದೇ ಇರುವುದಿಲ್ಲ. ಅಕ್ಕಪಕ್ಕದ ಶಾಲೆಗಳನ್ನೆಲ್ಲ ಸೇರಿಸಿ ಮಾಡುವ ಕ್ಲಸ್ಟರ್ ಮಟ್ಟದ ಕಲಿಕಾ ಹಬ್ಬವನ್ನೇ ನೋಡಿ. ಗಟ್ಟಿ ಓದು, ಕಥೆ ಹೇಳುವುದು, ಕೈಬರಹ, ಸಂತೋಷದಾಯಕ ಗಣಿತ, ರಸಪ್ರಶ್ನೆ ಎಲ್ಲ ಇದೆ. ಪಟ್ಟಿಯಲ್ಲಿ ಹೆಸರಿಡುವ ಹಾಗೆ ಏನೂ ಇಲ್ಲ. ತಳಿರು ತೋರಣ ಕಟ್ಟಿ, ಮಕ್ಕಳಿಗೆ ಟೋಪಿ ಹಾಕಿ, ಮೆರವಣಿಗೆ ಮಾಡಿ ಒಂದು ದಿನದಲ್ಲಿ ಮುಗಿಸುತ್ತಾರೆ. ಗಟ್ಟಿ ಓದಿನಲ್ಲಿ ಒತ್ತಕ್ಷರಕ್ಕೆ ತಡವರಿಸಿದ ಮಗು ಮರುದಿನ ತನ್ನ ಶಾಲೆಗೆ ಹೋಗುತ್ತದೆ. ಅದು ಎಲ್ಲಿ ತಡವರಿಸಿತು ಅನ್ನುವ ಚೀಟಿ ಅದರ ಟೀಚರ್ ಕೈಗೆ ಹೋಗುತ್ತದಾ?

ಇನ್ನು ಮಕ್ಕಳ ಸಂತೆ. ಇದು ಎಲ್ಲ ಶಾಲೆಯಲ್ಲೂ ಮಾಡುತ್ತಾರೆ, ಎಲ್ಲರಿಗೂ ಇಷ್ಟ. ನಮ್ಮ ಶಾಲೆಯಲ್ಲಿ ಶನಿವಾರ ಆಯಿತು. ಕೊತ್ತಂಬರಿ, ಮೆಂತ್ಯೆ ಸೊಪ್ಪು, ನಿಂಬೆಹಣ್ಣು, ಶೇಂಗಾ ಚಿಕ್ಕಿ, ನಮ್ಮೂರಲ್ಲವೇ, ಮಂಡಕ್ಕಿ ಚೀಲ. ಫೋನ್‌ ಪೇ ಇಲ್ಲ, ಬರೀ ಚಿಲ್ಲರೆ ಅಂತ ಟೀಚರ್ ಮೊದಲೇ ಹೇಳಿದ್ದರು. ಆದರೂ ಒಬ್ಬರು ತಾಯಿ ಹತ್ತು ರೂಪಾಯಿ ಕಟ್ಟಿಗೆ ಐನೂರರ ನೋಟು ಹಿಡಿದರು. ಸೊಪ್ಪಿನ ಹುಡುಗಿ ಸೀದಾ, "ಆಂಟಿ, ಪಕ್ಕದಾಗೆ ಚಿಲ್ರೆ ಮಾಡಿಸ್ಕಂಡ್ ಬರ್ರಿ, ಕಟ್ಟು ತೆಗೆದಿಟ್ಟಿರ್ತೀನಿ" ಅಂದಳು. ವ್ಯಾಪಾರ ಬಿಡಲಿಲ್ಲ ನೋಡಿ! ಬಿಸಿಲು ಏರಿದ ಮೇಲೆ ಸೊಪ್ಪು ಬಾಡಿತು. ಹತ್ತರ ಕಟ್ಟು ಐದಕ್ಕೆ ಇಳಿಯಿತು, ಆಮೇಲೆ ಮೂರಕ್ಕೆ.

ಸುಮಾರು ಶಾಲೆಗಳಲ್ಲಿ ಇಲ್ಲಿಗೆ ಮುಗಿಯಿತು, ಗ್ರೂಪ್ ಫೋಟೊ, ಮನೆಗೆ ನಡೀರಿ. ಇಲ್ಲಿ ಸೋಮವಾರ ಇತ್ತು. ಹಾಕಿದ ದುಡ್ಡು ಎಷ್ಟು, ಬಂದ ದುಡ್ಡು ಎಷ್ಟು, ಉಳಿದ ಮಾಲು ಎಷ್ಟು ಅಂತ ಎಲ್ಲರೂ ಬರೆದು ತರಬೇಕು. ಬಾಡಿದ ಸೊಪ್ಪನ್ನು ಮೂರಕ್ಕೆ ಕೊಟ್ಟಿದ್ದು ಲಾಭವೋ ನಷ್ಟವೋ ಅಂತ ಒಂದು ಪೀರಿಯಡ್ ಪೂರ್ತಿ ಜಗಳ. ಕಟ್ಟು ತಂದಿದ್ದೇ ಐದು ರೂಪಾಯಿ ಕೊಟ್ಟು, ಹಾಗಾಗಿ ನಷ್ಟ ಅಂತ ಅರ್ಧ ಕ್ಲಾಸು. ಮನೆಗೆ ಒಯ್ದಿದ್ದರೆ ಮೂರೂ ಇಲ್ಲ, ಹಾಗಾಗಿ ಲಾಭ ಅಂತ ಇನ್ನರ್ಧ. ಚಿಕ್ಕಿ ಹುಡುಗನದು ಇದಕ್ಕಿಂತ ದೊಡ್ಡ ಸಮಸ್ಯೆ. "ಟೀಚರ್, ನಾನೇ ತಿಂದಿದ್ದನ್ನ ಯಾವ ಕಡೆ ಬರೀಲಿ?" ಅಂಗಡಿ ಇಟ್ಟ ನನಗೂ ಈ ಪ್ರಶ್ನೆಗೆ ಉತ್ತರ ಇವತ್ತಿಗೂ ಕಷ್ಟ.

ಮಂಡಕ್ಕಿ ಹುಡುಗನಿಂದ ಇನ್ನೊಂದು ಪಾಠ ಹುಟ್ಟಿತು. ಅವನು ಸೇರಿನಲ್ಲಿ ಅಳೆದು ಮಾರಿದ್ದ. ಟೀಚರ್ ಅದೇ ಸೇರಿನಲ್ಲಿ ಅಕ್ಕಿ ತುಂಬಿಸಿ, ಎರಡನ್ನೂ ತೂಕಕ್ಕೆ ಹಾಕಿಸಿದರು. ಅಳತೆ ಒಂದೇ, ತೂಕ ಎಲ್ಲಿಂದೆಲ್ಲಿಗೆ! ಹಾಗಾದರೆ ಮಂಡಕ್ಕಿಯನ್ನು ಕೆ.ಜಿ. ಲೆಕ್ಕದಲ್ಲಿ ಮಾರಿದರೆ ಲಾಭವಾ, ಸೇರಿನ ಲೆಕ್ಕದಲ್ಲಾ ಅಂತ ಮತ್ತೆ ಎರಡು ದಿನ.

ತೂಕದ ರುಚಿ ಹತ್ತಿದ ಮೇಲೆ ಬ್ಯಾಗುಗಳೂ ತಕ್ಕಡಿ ಏರಿದವು. ಮೂರರಿಂದ ಐದನೇ ಕ್ಲಾಸಿನ ಮಕ್ಕಳ ಬ್ಯಾಗು 2ರಿಂದ 3 ಕೆ.ಜಿ. ಒಳಗಿರಬೇಕು ಅಂತ 2019ರಲ್ಲೇ ಸರ್ಕಾರದ ಆದೇಶ ಇದೆ. ತಿಂಗಳ ಮೂರನೇ ಶನಿವಾರ ಬ್ಯಾಗೇ ಬೇಡ, ಅದಕ್ಕೆ ಸಂಭ್ರಮ ಶನಿವಾರ ಅಂತ ಹೆಸರು. ತೂಗಿ ನೋಡಿದರೆ ಭಾರ ಇದ್ದದ್ದು ಪುಸ್ತಕದಲ್ಲಲ್ಲ, ನೀರಿನ ಬಾಟಲಿಯಲ್ಲಿ. ಒಂದು ಲೀಟರ್ ನೀರೆಂದರೇ ಒಂದು ಕೆ.ಜಿ. ಮನೆಯಿಂದ ಯಾಕೆ ತರುತ್ತೀರಿ ಅಂದರೆ, ಶಾಲೆಯ ಫಿಲ್ಟರಿನ ನಲ್ಲಿ ಕೆಟ್ಟಿದೆ. ಮಕ್ಕಳೇ ಎಸ್‌ಡಿಎಂಸಿಗೆ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಗೆ, ಅರ್ಜಿ ಬರೆದರು, ಕನ್ನಡ ಪೀರಿಯಡ್ಡಿನಲ್ಲಿ ಪತ್ರಲೇಖನ ಅಂತ. ನಲ್ಲಿ ರಿಪೇರಿ ಆಯಿತು.

"ಬರೀ ಆಟ ಆಡಿಸ್ತಾರೆ, ನೋಟ್ಸೇ ಇಲ್ಲ" ಅನ್ನುವ ಪೋಷಕರು ನಮ್ಮಲ್ಲೂ ಇದ್ದಾರೆ. ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ಕ್ಲಾಸಿಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಇರಬೇಕು ಅನ್ನುತ್ತದೆ. ಎಷ್ಟು ಪುಟ ಬರೆದಿರಬೇಕು ಅಂತ ಎಲ್ಲೂ ಹೇಳಿಲ್ಲ. ಮಗುವಿನ ನೋಟ್‌ಬುಕ್ ತುಂಬಿದ್ದು ನೋಡಿ ಸಮಾಧಾನ ಪಡುವುದೂ, ಫೋಟೊ ನೋಡಿ ಸಮಾಧಾನ ಪಡುವುದೂ ನನ್ನ ಕಣ್ಣಿಗೆ ಒಂದೇ.

ಟೀಚರುಗಳನ್ನು ಮಾತ್ರ ಬೈಯುವುದು ಸುಲಭ. ಫೋಟೊ ಕಳಿಸಿ ಅಂತ ಮೇಲಿನಿಂದ ಮೆಸೇಜ್ ಬಂದರೆ ಅವರು ಕಳಿಸಲೇಬೇಕು. ಸ್ಯಾಟ್ಸ್ (ಮಕ್ಕಳ ವಿವರ ತುಂಬುವ ಸರ್ಕಾರಿ ವೆಬ್‌ಸೈಟ್) ಎಂಟ್ರಿ, ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಚುನಾವಣೆ ಕೆಲಸ. 2025ರಲ್ಲಿ ಜಾತಿವಾರು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೇ ಹಚ್ಚಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಇಷ್ಟರ ನಡುವೆ ಸೋಮವಾರದ ಕೆಲಸವನ್ನು ಮಂಗಳವಾರಕ್ಕೆ ಒಯ್ಯುವ ಟೀಚರ್ ಸಿಕ್ಕರೆ ಅದು ಅವರ ಹಟ, ವ್ಯವಸ್ಥೆಯ ದಯೆ ಏನಲ್ಲ. ಅದಕ್ಕೇ ಪೋಷಕರ ಸಭೆಗೆ ಹೋದಾಗ ನಾನು ಫೋಟೊ ಬಗ್ಗೆ ಮಾತಾಡುವುದನ್ನು ಬಿಟ್ಟಿದ್ದೇನೆ. ಹೋದ ವಾರದ್ದು ಈ ವಾರ ಏನಾಯಿತು ಅಂತ ಕೇಳುತ್ತೇನೆ. ನೀವೂ ಕೇಳಿ. ಸರ್ಕಾರಿ ಶಾಲೆಯಾದರೂ ಕೇಳಿ, ಫೀಸು ಕಟ್ಟುವ ಶಾಲೆಯಾದರಂತೂ ಜೋರಾಗಿ ಕೇಳಿ.

ಈಗ ಒಂದು ಸಹಾಯ ಬೇಕು. ಅಕ್ಕಿ-ಮಂಡಕ್ಕಿ ತೂಗಿದ ಮೇಲೆ ಮಕ್ಕಳಿಗೆ ಹೊಸ ತಲೆನೋವು ಶುರುವಾಗಿದೆ. ಮನೆಯಲ್ಲಿ ಅಕ್ಕಿ ಹುರಿದರೆ ಬರೀ ಕೆಂಪಾಗುತ್ತದೆ, ಮಂಡಕ್ಕಿ ಮಾತ್ರ ಹೇಗೆ ಉಬ್ಬುತ್ತದೆ ಅಂತ. ಭತ್ತ ನೆನೆಸುವುದು, ಬೇಯಿಸುವುದು, ಒಣಗಿಸುವುದು, ಕೊನೆಗೆ ಕಾದ ಮರಳಿನಲ್ಲಿ ಹುರಿಯುವುದು ಇದನ್ನೆಲ್ಲ ನಾನೇ ಬಾಯಲ್ಲಿ ಹೇಳಬಹುದಿತ್ತು, ಟೀಚರ್ ಬೇಡ ಅಂದರು. ಮೊದಲು ಅವರವರ ಊಹೆ ಬರೆಸಿ ಇಟ್ಟುಕೊಂಡಿದ್ದಾರೆ, ಆಮೇಲೆ ಭಟ್ಟಿಗೆ ಕರೆದುಕೊಂಡು ಹೋಗಿ ತೋರಿಸಬೇಕಂತೆ. ಹಳೇ ದಾವಣಗೆರೆ ಕಡೆ ಮಂಡಕ್ಕಿ ಭಟ್ಟಿ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇನ್‌ಬಾಕ್ಸ್‌ಗೆ ಬನ್ನಿ. ಬೆಳಗಿನ ಹೊತ್ತು ಒಂದು ಗಂಟೆ ಸಾಕು. ಒಲೆಯಿಂದ ದೂರ ನಿಲ್ಲಿಸುವ ಜವಾಬ್ದಾರಿ ನಮ್ಮದು, ಜೊತೆಗೆ ನಾಲ್ಕು ಜನ ಪೋಷಕರು ಇರುತ್ತೇವೆ. ಪ್ರಶ್ನೆ ಮಾತ್ರ ಬಹಳ ಕೇಳುತ್ತಾರೆ, ಅದಕ್ಕೆ ನೀವು ರೆಡಿ ಇರಬೇಕು. ಮತ್ತೆ ಮುಂದಿನ ವಾರ ಇನ್ನೊಂದು ಸಲ ಬಂದರೂ ಬೇಡ ಅನ್ನಬಾರದು.