ಪರಿಚಯವಿಲ್ಲದ ಊರಿನಲ್ಲಿ ಆರು ತಿಂಗಳ ಕೋಣೆ

ಜರ್ಮನಿಯಲ್ಲಿ ಓದುತ್ತಿರುವ ದಾವಣಗೆರೆ ಕಡೆಯ ಹುಡುಗನೊಬ್ಬ ಕಳೆದ ವರ್ಷ ಆರು ತಿಂಗಳ ಇಂಟರ್ನ್‌ಶಿಪ್‌ಗೆಂದು ನಾನಿರುವ ಸ್ಟುಟ್‌ಗಾರ್ಟ್‌ಗೆ ಬಂದ. ಮೂರನೆಯ ವಾರ ಫೋನ್ ಮಾಡಿ, "ಅಣ್ಣಾ, ಬ್ಯಾಂಕಿನವರು ಹೊಸ ಕಾರ್ಡ್ ಕಳಿಸಿದ್ದೀವಿ ಅಂತಾರೆ, ನನಗೆ ಬಂದೇ ಇಲ್ಲ" ಎಂದ. ಸಂಜೆ ಹೋಗಿ ನೋಡಿದರೆ ಕಾರಣ ಬಾಗಿಲಲ್ಲೇ ಇತ್ತು. ಕೆಳಗಿನ ಅಂಚೆಪೆಟ್ಟಿಗೆಗಳ ಸಾಲಿನಲ್ಲಿ ಅವನ ಮನೆಯ ಪೆಟ್ಟಿಗೆಯ ಮೇಲೆ ಹಳೆಯ ಬಾಡಿಗೆದಾರರ ಹೆಸರುಗಳಷ್ಟೇ ಇದ್ದವು. ಇಲ್ಲಿ ಹೆಚ್ಚಿನ ಕಟ್ಟಡಗಳಲ್ಲಿ ಫ್ಲ್ಯಾಟ್ ಸಂಖ್ಯೆ ನೋಡಿ ಪತ್ರ ಹಾಕುವುದಿಲ್ಲ, ಹೆಸರು ನೋಡಿ ಹಾಕುತ್ತಾರೆ. ಹೆಸರು ಕಾಣದಿದ್ದರೆ ಪತ್ರ ಬಂದ ದಾರಿಯಲ್ಲೇ ಮರಳುತ್ತದೆ. ಅವನ ನೋಟ್‌ಬುಕ್ಕಿನ ಹಾಳೆಯ ಅಂಚನ್ನು ಕತ್ತರಿಸಿ, ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಟೇಪಿನಿಂದ ಅಂಟಿಸಿದೆವು.

ನಮ್ಮಲ್ಲಾಗಿದ್ದರೆ "ದೇವಸ್ಥಾನ ದಾಟಿ ಬಂದಿದ್ದೀನಿ ಸಾರ್, ಎಡಕ್ಕಾ ಬಲಕ್ಕಾ?" ಎಂದು ಕೊರಿಯರ್‌ನವರೇ ಕರೆ ಮಾಡುತ್ತಿದ್ದರು. ಆ ಆತ್ಮೀಯತೆಯ ಬೆಲೆ ನನಗೆ ಚೆನ್ನಾಗಿ ಗೊತ್ತು. ಆದರೆ ಹೊಸ ಊರಿಗೆ ಬಂದ ವಿದ್ಯಾರ್ಥಿಯ ಪಾಲಿಗೆ ನಮ್ಮ ಈ ಬಾಯಿಮಾತಿನ ವ್ಯವಸ್ಥೆ, ಪರಿಚಯಸ್ಥರು ಇರುವವರಿಗೆ ಮಾತ್ರ ನೆರವಾಗುತ್ತದೆ ಎಂಬುದು ನನ್ನ ಅನಿಸಿಕೆ.

ಇಂಜಿನಿಯರಿಂಗ್ ಓದುವಾಗ ನಾನೂ ಹೀಗೆಯೇ ಬೆಂಗಳೂರಿಗೆ ಹೋಗಿದ್ದೆ. ಸೋದರಮಾವನ ಮನೆಯಲ್ಲಿ ನಾಲ್ಕು ದಿನ ಉಳಿದೆ. ಐದನೆಯ ದಿನ ಅವರ ಸ್ನೇಹಿತರೊಬ್ಬರ ಮಹಡಿಯ ಮೇಲಿನ ಕೋಣೆ ಮುಂಗಡವೂ ಇಲ್ಲದೆ ಸಿಕ್ಕಿತು. ನನ್ನ ಜೊತೆಗೇ ಬಂದಿದ್ದ ಸಹಪಾಠಿಗೆ ಆ ಊರಿನಲ್ಲಿ ಯಾರೂ ಇರಲಿಲ್ಲ. ಅವನು ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ ಕೊಟ್ಟ, ಊರಿನಲ್ಲಿ ಸಾಲ ಮಾಡಿ ತಂದ ಹಣವನ್ನು ಅಡ್ವಾನ್ಸ್ ಎಂದು ಕಟ್ಟಿದ, ಬಿಡುವಾಗ ಸುಣ್ಣಬಣ್ಣದ ಲೆಕ್ಕದಲ್ಲಿ ಇನ್ನೊಂದು ತಿಂಗಳ ಬಾಡಿಗೆಯನ್ನು ಕಳೆದುಕೊಂಡ. ಕೆಲಸ, ಊರು, ಸಂಬಳ ಎಲ್ಲವೂ ಒಂದೇ ಆಗಿದ್ದರೂ ನಮ್ಮಿಬ್ಬರ ಅನುಭವ ಬೇರೆಯಾದದ್ದು ನನಗೊಬ್ಬ ಮಾವ ಇದ್ದ ಕಾರಣಕ್ಕೆ.

ಜರ್ಮನಿಯಲ್ಲಿ ಮನೆಯ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ಬಾಡಿಗೆದಾರನಿಗೆ ಇದೆ. ಮಾಲೀಕ ಆ ಹಣವನ್ನು ತನ್ನ ಹಣದಿಂದ ಬೇರೆಯಾಗಿ ಇರಿಸಬೇಕು, ವಿದ್ಯಾರ್ಥಿ ನಿಲಯಗಳನ್ನು ಬಿಟ್ಟರೆ ಬಡ್ಡಿಯೂ ಬಾಡಿಗೆದಾರನದೇ. ಇದು ನಾಗರಿಕ ಸಂಹಿತೆಯ 551ನೆಯ ಕಲಮಿನಲ್ಲಿದೆ. ಯಾರ ಮಾವನ ಶಿಫಾರಸೂ ಇದಕ್ಕೆ ಬೇಕಿಲ್ಲ. ನಮ್ಮಲ್ಲೂ ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ ಎರಡೇ ತಿಂಗಳ ಮುಂಗಡ ಸಾಕೆನ್ನುತ್ತದೆ, ಆದರೆ ಅದು ರಾಜ್ಯಗಳು ಅಳವಡಿಸಿಕೊಳ್ಳಲೆಂದು ಮಾಡಿದ ಮಾದರಿ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದನ್ನು ಸಹಜವೆಂದೇ ತಿಳಿದು ಬೆಳೆದ ನಮಗೆ ಈ ಎರಡು ತಿಂಗಳ ಮಾತು ಇನ್ನೂ ನಂಬಿಕೆಗೆ ಬಂದಿಲ್ಲ.

ನನಗೆ ಇಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಕಾನೂನಿಗಿಂತ ಹೆಚ್ಚಾಗಿ ಒಂದು ರೂಢಿ. ಒಂದು ಸೆಮಿಸ್ಟರ್ ಬೇರೆ ಊರಿಗೆ ಹೋಗುವ ವಿದ್ಯಾರ್ಥಿ ತನ್ನ ಕೋಣೆಯನ್ನು ಮಂಚ, ಮೇಜು, ಅಡುಗೆಮನೆಯ ಪಾಲಿನ ಸಮೇತ, ಮಾಲೀಕರ ಒಪ್ಪಿಗೆ ಪಡೆದು, ಅಷ್ಟೇ ಅವಧಿಗೆ ಇನ್ನೊಬ್ಬ ವಿದ್ಯಾರ್ಥಿಗೆ ಬಿಟ್ಟುಕೊಡುತ್ತಾನೆ. ಇದನ್ನು ಇವರು 'ತ್ಸ್ವಿಶನ್‌ಮೀಟೆ', ಅಂದರೆ ನಡುವಿನ ಬಾಡಿಗೆ, ಎನ್ನುತ್ತಾರೆ. ಆ ಹುಡುಗನಿಗೆ ಸಿಕ್ಕಿದ್ದೂ ಹೀಗೆಯೇ. ಕೋಣೆಯ ಒಡತಿ ಇಂಟರ್ನ್‌ಶಿಪ್‌ಗೆಂದು ಹ್ಯಾಂಬರ್ಗ್‌ಗೆ ಹೋಗಿದ್ದಳು. ಕಿಟಕಿಯ ಗಿಡಕ್ಕೆ ವಾರಕ್ಕೆರಡು ಸಲ ನೀರು ಹಾಕಬೇಕೆಂದು ಚೀಟಿ ಬರೆದಿಟ್ಟಿದ್ದಳು.

ಇಲ್ಲಿನದೆಲ್ಲ ಸುಗಮವೆಂದು ಹೇಳಲಾರೆ. ಆ ಕೋಣೆಗಾಗಿ ಅವನು ನಲವತ್ತಕ್ಕೂ ಹೆಚ್ಚು ಪತ್ರ ಬರೆದಿದ್ದ. ಬಹುಪಾಲಿನವರು ಉತ್ತರವನ್ನೇ ಕೊಡಲಿಲ್ಲ, ಕರೆದವರು ಅಡುಗೆಮನೆಯಲ್ಲಿ ಕೂರಿಸಿ ಕೆಲಸದ ಸಂದರ್ಶನದಂತೆ ಪ್ರಶ್ನೆ ಕೇಳಿದರು. ಕೋಣೆ ಸಿಕ್ಕ ಮೇಲೂ ಎರಡು ವಾರ ಪಕ್ಕದ ಮನೆಯವರು ಯಾರೆಂದು ಅವನಿಗೆ ತಿಳಿದಿರಲಿಲ್ಲ. ಕೊನೆಗೆ ಪರಿಚಯ ಮಾಡಿಸಿದ್ದು ಈ ಸೀಮೆಯ 'ಕೇರ್‌ವೋಹೆ', ಮೆಟ್ಟಿಲು ಗುಡಿಸುವ ಸರದಿ. ಆ ವಾರದ ಸರದಿ ಯಾರದೋ ಅವರ ಬಾಗಿಲಿಗೆ ಒಂದು ಪುಟ್ಟ ಹಲಗೆಯನ್ನು ನೇತುಹಾಕುತ್ತಾರೆ. ತನ್ನ ಬಾಗಿಲಲ್ಲಿ ಹಲಗೆ ಕಂಡು ಏನೆಂದು ತಿಳಿಯದೆ ಎದುರು ಮನೆಯ ಅಜ್ಜಿಯನ್ನು ಕೇಳಿದ್ದಕ್ಕೆ, ಅವರು ಪೊರಕೆ ತಂದು ಮೂಲೆಗಳನ್ನು ಹೇಗೆ ಗುಡಿಸಬೇಕೆಂದು ತೋರಿಸಿಕೊಟ್ಟರಂತೆ. ಅಂದಿನಿಂದ ಅವರು ಅವನನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು.

ಒಂಟಿತನವನ್ನು ಹೀಗೆ ನಿಧಾನವಾಗಿಯಾದರೂ ನೀಗಿಸಿಕೊಳ್ಳಬಹುದು. ಮೊದಲ ತಿಂಗಳಲ್ಲೇ ಸಾಲಕ್ಕೆ ಬಿದ್ದವನು ಇಂಟರ್ನ್‌ಶಿಪ್ಪನ್ನೇ ಬಿಟ್ಟು ಊರಿಗೆ ಮರಳುವ ಸಾಧ್ಯತೆಯಿದೆ. ಆದ್ದರಿಂದಲೇ ನಾನು ಪತ್ರ, ಕಲಮು, ಕಂತುಗಳ ಈ ವ್ಯವಸ್ಥೆಯ ಪರವಾಗಿದ್ದೇನೆ. ಕಾಯ್ದೆ ಬರುವವರೆಗೂ ನಮ್ಮ ಕಾಲೇಜುಗಳು ಕಾಯಬೇಕಾಗಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಮೈಸೂರಿಗೆ ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಹೋಗುವಾಗ ಅವರ ಹಾಸ್ಟೆಲ್ ಕೋಣೆಗಳಿಗೆ ಬೀಗ ಬೀಳುತ್ತದೆ. ಎರಡು ಕಾಲೇಜುಗಳ ಪ್ಲೇಸ್‌ಮೆಂಟ್ ಅಧಿಕಾರಿಗಳು ಮಾತಾಡಿಕೊಂಡು, ಆ ಕೋಣೆಗಳನ್ನು ಹಾಸ್ಟೆಲ್ ದರದಲ್ಲೇ ಪರಸ್ಪರ ಬಿಟ್ಟುಕೊಡುವ ಒಂದು ಪುಟದ ಒಪ್ಪಂದಕ್ಕೆ ಈ ವರ್ಷವೇ ಸಹಿ ಹಾಕಬಹುದು.