ಕಾಫಿ ನಮ್ಮ ಕಲಬುರಗಿಯದೂ ಹೌದು

ಸೂಪರ್ ಮಾರ್ಕೆಟ್ ಹತ್ತಿರ ಗೆಳೆಯರೆಲ್ಲ ಸೇರಿದಾಗ ನಾನು ಕಾಫಿ ಹೇಳಿದರೆ ಸಾಕು, "ಯಾಕೋ, ಆರಾಮ ಇಲ್ಲೇನು? ಚಾ ಬ್ಯಾಡೇನು?" ಅಂತ ಶುರುವಾಗುತ್ತದೆ. ನಮ್ಮ ಕಡೆ ಕಾಫಿ ಅಂದರೆ ಬೆಂಗಳೂರಿನವರದು, ಮೈಸೂರಿನವರದು. ಅದು ಆ ಕಡೆಯಿಂದ ವರ್ಗವಾಗಿ ಬಂದ ಸಾಹೇಬರ ಮನೆಯಲ್ಲಿ ಸಿಗುವ ವಸ್ತು ಅಂತ ಇವತ್ತಿಗೂ ಎಷ್ಟೋ ಜನರ ಮನಸ್ಸಿನಲ್ಲಿದೆ. ನಾನು ಇದನ್ನು ಒಪ್ಪುವುದಿಲ್ಲ. ಕಾಫಿ ನಮ್ಮದೂ ಹೌದು. ಇನ್ನೂ ಒಂದು ಮಾತು ಧೈರ್ಯವಾಗಿ ಹೇಳುತ್ತೇನೆ. ನಮ್ಮೂರಿನ ಎಮ್ಮೆ ಹಾಲು ಹಾಕಿ ಸರಿಯಾಗಿ ಮಾಡಿದ ಫಿಲ್ಟರ್ ಕಾಫಿಗಿಂತ ರುಚಿಯಾದ ಕಾಫಿಯನ್ನು ನಾನು ಎಲ್ಲೂ ಕುಡಿದಿಲ್ಲ.

ಚಹಾ ಮೇಲೆ ನನಗೆ ಯಾವ ತಕರಾರೂ ಇಲ್ಲ. ನಾವು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವರು. ಒಂದು ಕಡೆ ಹೈದರಾಬಾದಿನ ಇರಾನಿ ಚಾ, ಇನ್ನೊಂದು ಕಡೆ ಸೋಲಾಪುರದ ಶುಂಠಿ ಚಹಾ. ಇವೆರಡರ ನಡುವೆ ಬೆಳೆದ ಊರಿನಲ್ಲಿ ಚಹಾ ರಾಜನಾಗಿರೋದು ಸಹಜ. ಆದರೆ ಸ್ವಲ್ಪ ಯೋಚನೆ ಮಾಡಿ. ಆ ಚಹಾ ಪುಡಿ ಹೆಚ್ಚಾಗಿ ಬರುವುದು ಅಸ್ಸಾಂ, ಬಂಗಾಳದ ಕಡೆಯಿಂದ. ಕಾಫಿ ಬರುವುದು ನಮ್ಮದೇ ರಾಜ್ಯದ ಕೊಡಗು, ಚಿಕ್ಕಮಗಳೂರು, ಹಾಸನದಿಂದ. ದೇಶದ ಕಾಫಿಯಲ್ಲಿ ಶೇಕಡಾ 70ರಷ್ಟು ಕರ್ನಾಟಕದ್ದೇ. ಹಾಸನ–ಸೋಲಾಪುರ ಎಕ್ಸ್‌ಪ್ರೆಸ್ ದಿನಾ ನಮ್ಮ ಸ್ಟೇಷನ್ನಿಗೆ ಬರುತ್ತದೆ. ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಗಾಡಿ ಹತ್ತಿದವರು ಮರುದಿನ ಕಲಬುರಗಿಯಲ್ಲಿ ಇಳಿಯುತ್ತಾರೆ. ಇಷ್ಟು ಹತ್ತಿರದ ಬೆಳೆಯನ್ನು ಪರರದು ಅಂದರೆ ಹೇಗೆ?

ಇದಕ್ಕಿಂತ ಹಳೆಯ ನಂಟು ಒಂದಿದೆ, ಅದು ನನಗೆ ಜಾಸ್ತಿ ಇಷ್ಟ. ಕಾಫಿಯನ್ನು ಮೊದಲು ಅಕ್ಕರೆಯಿಂದ ಕುಡಿದವರು ಯೆಮನ್ ದೇಶದ ಸೂಫಿಗಳು. 15ನೇ ಶತಮಾನದಲ್ಲಿ ರಾತ್ರಿಯ ಧ್ಯಾನ, ಪ್ರಾರ್ಥನೆಯ ಹೊತ್ತಿಗೆ ನಿದ್ದೆ ಬಾರದಿರಲಿ ಅಂತ ಅವರು ಕಾಫಿ ಕುಡಿಯುತ್ತಿದ್ದರು. ಅದೇ ಶತಮಾನದ ಶುರುವಿನಲ್ಲಿ ನಮ್ಮೂರಲ್ಲಿ ಸೂಫಿ ಸಂತ ಖ್ವಾಜಾ ಬಂದೇ ನವಾಜರಿದ್ದರು. ಅವರು ತೀರಿಕೊಂಡಿದ್ದು 1422ರಲ್ಲಿ. ಅವರು ಕಾಫಿ ಕುಡಿದರು ಅಂತ ನಾನು ಹೇಳುತ್ತಿಲ್ಲ, ಆಗಿನ್ನೂ ಕಾಫಿ ಈ ನಾಡಿಗೆ ಬಂದಿರಲಿಲ್ಲ. ಆಮೇಲೆ 17ನೇ ಶತಮಾನದಲ್ಲಿ ಮಕ್ಕಾ ಯಾತ್ರೆಗೆ ಹೋದ ಬಾಬಾ ಬುಡನ್ ವಾಪಸ್ಸು ಬರುವಾಗ ಯೆಮನ್ನಿನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು ಅಂತ ಕತೆಯಿದೆ. ಅವರೂ ಸೂಫಿ ಸಂತರೇ. ಬಂದೇ ನವಾಜರ ದರ್ಗಾದ ಉರುಸಿಗೆ ಎಲ್ಲ ಜಾತಿಯವರೂ ಹೋಗುವ ಊರು ನಮ್ಮದು. ಒಬ್ಬ ಸೂಫಿ ತಂದ ಬೀಜ ಇಲ್ಲಿ ಹೊರಗಿನದು ಆಗುವುದಕ್ಕೆ ಸಾಧ್ಯವೇ ಇಲ್ಲ ಅಂತ ನನಗೆ ಅನಿಸುತ್ತದೆ.

ಹಾಗಾದರೆ ನಮ್ಮವರಿಗೆ ಕಾಫಿ ಯಾಕೆ ಹಿಡಿಸಲಿಲ್ಲ? ನನ್ನ ಪ್ರಕಾರ ಕಾರಣ ಒಂದೇ. ಅವರಿಗೆ ಒಳ್ಳೆ ಕಾಫಿ ಸಿಕ್ಕೇ ಇಲ್ಲ. ಬಸ್ ಸ್ಟ್ಯಾಂಡ್ ಕಡೆಯ ಒಂದು ಹೋಟೆಲಿನಲ್ಲಿ ಫಿಲ್ಟರ್ ಕಾಫಿ ಅಂತ ಬೋರ್ಡ್ ನೋಡಿ ಒಳಗೆ ಹೋದೆ. ಬಂದಿದ್ದು ಸಕ್ಕರೆ ತುಂಬಿದ ಬಿಸಿ ಹಾಲು, ಮೇಲೆ ಚಿಟಿಕೆ ಇನ್‌ಸ್ಟಂಟ್ ಪುಡಿ. ಕೇಳಿದರೆ "ಇಲ್ಲಿ ಇದೇ ನಡೀತದ್ರಿ ಸರ" ಅಂದರು. ಇನ್ನು ಕೆಲವು ಕಡೆ ಕಾಫಿ ಪುಡಿಯನ್ನು ಚಹಾ ಪುಡಿ ಹಾಕಿದ ಹಾಗೆ ಹಾಲಿಗೇ ಹಾಕಿ ಕುದಿಸುತ್ತಾರೆ. ಚಹಾ ಕುದಿದಷ್ಟೂ ಚೆನ್ನ ಅನ್ನೋದು ನಮ್ಮವರ ರೂಢಿ. ಕಾಫಿಗೆ ಅದು ನಡೆಯುವುದಿಲ್ಲ. ಕುದಿದರೆ ಪರಿಮಳ ಆವಿಯಾಗಿ ಹೋಗುತ್ತದೆ, ಉಳಿಯುವುದು ಬರೀ ಕಹಿ. ಅದನ್ನು ಕುಡಿದವರು ಇನ್ನೊಮ್ಮೆ ಕಾಫಿ ಯಾಕೆ ಕೇಳುತ್ತಾರೆ ಹೇಳಿ.

ಈಗ ಹಾಲಿನ ವಿಷಯ. ಆಕಳ ಹಾಲಿನಲ್ಲಿ ಕೊಬ್ಬು ಶೇಕಡಾ 4ರ ಆಸುಪಾಸು. ಎಮ್ಮೆ ಹಾಲಿನಲ್ಲಿ 6, 7, ಒಮ್ಮೊಮ್ಮೆ ಇನ್ನೂ ಜಾಸ್ತಿ. ಈ ಗಟ್ಟಿ ಹಾಲು ತೆಳ್ಳನೆಯ ಡಿಕಾಕ್ಷನ್ನನ್ನು ನುಂಗಿಬಿಡುತ್ತದೆ. ಹಾಗಾಗಿ ನಾನು ಹಾಲಿನ ಕಾಫಿಗೆ ಪೂರ್ತಿ ಅರೇಬಿಕಾ ತರುವುದಿಲ್ಲ. ಅರೇಬಿಕಾ ಮೃದು, ನಾಜೂಕು, ಅದನ್ನು ಹಾಲಿಲ್ಲದೆ ಕುಡಿದರೇ ಅದರ ಬೆಲೆ ಗೊತ್ತಾಗೋದು. ಎಮ್ಮೆ ಹಾಲಿಗೆ ಎದುರು ನಿಲ್ಲಬೇಕಾದರೆ ಕಾಫಿಯ ಇನ್ನೊಂದು ಜಾತಿ, ಕಡಕ್ಕಾದ ರೋಬಸ್ಟಾ ಬೇಕು. ನಾನು ಪೀಬೆರಿ (ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜವಾಗಿ ಬೆಳೆದದ್ದು) ಮತ್ತು ರೋಬಸ್ಟಾ ಅರ್ಧರ್ಧ ಹುರಿಸಿ ಪುಡಿ ಮಾಡಿಸುತ್ತೇನೆ. ಚಿಕೋರಿ ನೂರಕ್ಕೆ ಇಪ್ಪತ್ತು, ಅದಕ್ಕಿಂತ ಮೇಲೆ ಬೇಡ. ಚಿಕೋರಿ ಒಂದು ಗಿಡದ ಬೇರು, ಹುರಿದು ಪುಡಿ ಮಾಡಿರುತ್ತಾರೆ. ಬಣ್ಣ, ಮಂದ ಕೊಡುತ್ತದೆ, ಪರಿಮಳ ಕೊಡುವುದಿಲ್ಲ. ಪೊಟ್ಟಣ ಕೊಳ್ಳುವಾಗ ಹಿಂದೆ ತಿರುಗಿಸಿ ಓದಿ. ಚಿಕೋರಿ ಎಷ್ಟಿದೆ ಅಂತ ಬರೆದಿರಲೇಬೇಕು. ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು ಅಂತ ಕಾನೂನಿದೆ. ಬ್ರೆಜಿಲ್, ವಿಯೆಟ್ನಾಂನಲ್ಲಿ ಬರ ಬಿದ್ದ ಮೇಲೆ ಪುಡಿಯ ಬೆಲೆ ಸಿಕ್ಕಾಪಟ್ಟೆ ಏರಿತು ಅಲ್ವಾ. ಆಗಿನಿಂದ ಈ ಸಣ್ಣ ಅಕ್ಷರ ಓದುವುದು ಇನ್ನೂ ಮುಖ್ಯ ಅಂತ ನನ್ನ ಅಭಿಪ್ರಾಯ.

ಹಾಲಿಗಿಂತ ದೊಡ್ಡ ವಿಷಯ ನೀರು. ಇದನ್ನು ಬೆಂಗಳೂರಿನ ಕಾಫಿಪ್ರಿಯರು ಯಾರೂ ನಮಗೆ ಹೇಳಿಕೊಡಲಾರರು. ಶಹಾಬಾದ್ ಕಲ್ಲು, ವಾಡಿ, ಸೇಡಂನ ಸಿಮೆಂಟ್ ಕಾರ್ಖಾನೆ, ಇವೆಲ್ಲ ಇರುವುದು ನಮ್ಮ ನೆಲದಡಿ ಸುಣ್ಣದ ಕಲ್ಲು ಇರುವುದರಿಂದ. ಅದೇ ಸುಣ್ಣ ನಮ್ಮ ಬೋರ್‌ವೆಲ್ ನೀರಿನಲ್ಲೂ ಇದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುತ್ತದಲ್ಲ, ಅದೇ. ಈ ಗಡಸು ನೀರು ಕಾಫಿಯ ಹುಳಿ ಅಂಶವನ್ನು ತಿಂದುಹಾಕುತ್ತದೆ. ಎಂಥ ದುಬಾರಿ ಪುಡಿ ತಂದರೂ ರುಚಿ ಸಪ್ಪೆಯಾಗುತ್ತದೆ. ಅದಕ್ಕೇ ನಾನು ರಾತ್ರಿಯೇ ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು, ಬೆಳಿಗ್ಗೆ ಅಲುಗಾಡಿಸದೆ ಮೇಲಿನ ನೀರನ್ನು ಬಗ್ಗಿಸಿಕೊಳ್ಳುತ್ತೇನೆ. ಕುದಿಸಿದಾಗ ಸುಣ್ಣದ ಒಂದು ಭಾಗ ತಳಕ್ಕೆ ಇಳಿದುಬಿಡುತ್ತದೆ. ಪೂರ್ತಿ ಆರ್‌ಒ ನೀರಿನಲ್ಲಿ ಮಾಡಿದರೂ ನನಗೆ ಸಮಾಧಾನವಿಲ್ಲ, ಅದರಲ್ಲಿ ರುಚಿಗೆ ಬೇಕಾದ ಲವಣವೂ ಹೋಗಿರುತ್ತದೆ. ಕುದಿಸಿ ಬಗ್ಗಿಸಿದ ನೀರು, ಆರ್‌ಒ ನೀರು ಅರ್ಧರ್ಧ ಬೆರೆಸಿದರೆ ಡಿಕಾಕ್ಷನ್ ಬಣ್ಣವೇ ಬೇರೆ, ಘಮವೇ ಬೇರೆ. ಇನ್ನು ಫಿಲ್ಟರಿನ ತೂತುಗಳಲ್ಲೂ ಸುಣ್ಣ ಕಟ್ಟುತ್ತದೆ. ವಾರಕ್ಕೊಮ್ಮೆ ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕಿ.

ಬೆಳಗಿನ ಕಾಫಿ ನನಗೆ ಹೀಗೆ ಬೇಕು. ಫಿಲ್ಟರಿನ ಮೇಲಿನ ಡಬ್ಬಿಗೆ ಪುಡಿ ಹಾಕಿ, ಕೊಡೆಯಂಥ ಬಿಲ್ಲೆಯಿಂದ ಮೆಲ್ಲಗೆ ಒತ್ತಬೇಕು, ಗಟ್ಟಿಯಾಗಿ ಒತ್ತಿದರೆ ನೀರು ಇಳಿಯುವುದಿಲ್ಲ. ಕುದಿ ನಿಂತ ನೀರನ್ನು ಸುತ್ತ ಸುರಿದು ಮುಚ್ಚಿಡಬೇಕು. ಹದಿನೈದು ಇಪ್ಪತ್ತು ನಿಮಿಷ ಅದರ ಪಾಡಿಗೆ ಬಿಡಬೇಕು. ಹಾಲು ಆಗಷ್ಟೇ ಉಕ್ಕಿರಬೇಕು. ಡಿಕಾಕ್ಷನ್ನನ್ನು ಮತ್ತೆ ಒಲೆಗೆ ಇಡುವ ಮಾತೇ ಇಲ್ಲ. ಸಕ್ಕರೆ ಅರ್ಧ ಚಮಚ. ಹಿತ್ತಾಳೆ ಲೋಟದಲ್ಲಿ ಎತ್ತಿ ಎತ್ತಿ ಹೊಯ್ದು ನೊರೆ ಬಂದ ಮೇಲೆ ಮೊದಲ ಗುಟುಕು. ಜೀವನಪೂರ್ತಿ ಚಹಾ ಕುಡಿದ ನಮ್ಮ ಅವ್ವ ಒಮ್ಮೆ ಇದನ್ನು ಕುಡಿದು "ಛಲೋ ಅದಪ್ಪ, ನಾಳಿಗೂ ಮಾಡು" ಅಂದಳು. ಈಗ ಬೆಳಿಗ್ಗೆ ಅವಳದೂ ಕಾಫಿಯೇ, ಸಂಜೆಗೆ ಮಾತ್ರ ಚಾ.

ಸಂಜೆ ಮಳೆ ಬಂದು ಮನೆಯಲ್ಲಿ ಮಿರ್ಚಿ ಭಜಿ ಕರಿಯುತ್ತಿದ್ದರೆ ನನಗೆ ಬೆಲ್ಲದ ಕಪ್ಪು ಕಾಫಿ. ಇದು ಮಲೆನಾಡಿನವರ ಪದ್ಧತಿ. ನಮ್ಮಲ್ಲೂ ಕಬ್ಬಿಗೆ, ಬೆಲ್ಲಕ್ಕೆ ಬರವಿಲ್ಲ. ಖಾರದ ಮೇಲೆ ಆ ಸಿಹಿ, ಆ ಕಹಿ ಎರಡೂ ಸೇರಿದಾಗ ಬಾಯಿಗೆ ಬರುವ ಸುಖವನ್ನು ಹಾಲಿನ ಕಾಫಿ ಕೊಡುವುದಿಲ್ಲ. ಬೆಲ್ಲದ ಜೊತೆ ಹಾಲು ಬೇಕೇ ಬೇಕು ಅನ್ನುವವರು ಒಲೆ ಆರಿಸಿದ ಮೇಲೆ ಬೆಲ್ಲ ಹಾಕಿ, ಇಲ್ಲವಾದರೆ ಹಾಲು ಒಡೆಯುತ್ತದೆ.

ಏಪ್ರಿಲ್, ಮೇ ಬಂತೆಂದರೆ ಇಲ್ಲಿ ಬಿಸಿಲು 42, 43 ಡಿಗ್ರಿ ದಾಟುತ್ತದೆ. ಆಗ "ಇಂಥಾ ಬಿಸಲಾಗ ಕಾಫಿ ಏನ್ರೀ" ಅಂತ ಕೇಳುವವರಿಗೆ ನನ್ನ ಉತ್ತರ ತಣ್ಣೀರಿನ ಕಾಫಿ. ದಪ್ಪಗೆ ಪುಡಿ ಮಾಡಿಸಿದ, ಚಿಕೋರಿ ಇಲ್ಲದ ಅರೇಬಿಕಾವನ್ನು ತಣ್ಣೀರಿನಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಬೆಳಿಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಬಿಸಿ ನೀರು ಮುಟ್ಟಿಲ್ಲದ ಕಾರಣ ಕಹಿ, ಹುಳಿ ಎರಡೂ ಕಡಿಮೆ. ಮಧ್ಯಾಹ್ನ ರೊಟ್ಟಿ ಊಟ ಮುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಐಸ್ ಹಾಕಿ ಸುಮ್ನೆ ಹಾಗೇ ಕುಡಿಯಿರಿ. ಐಸ್‌ಕ್ರೀಮು, ಚಾಕಲೇಟು ಸುರಿದ ಕೋಲ್ಡ್ ಕಾಫಿ ಬೇರೆ, ಇದು ಬೇರೆ. ಇದರಲ್ಲಿ ಕಾಫಿಯ ರುಚಿ ಇರುತ್ತದೆ.

ನಮ್ಮೂರಿನ ಹೋಟೆಲ್ ಮಾಲೀಕರಿಗೆ ನನ್ನದೊಂದು ಕಳಕಳಿಯ ವಿನಂತಿ. ಚಹಾ ಹಾಗೇ ಇರಲಿ. ಅದರ ಪಕ್ಕದಲ್ಲಿ ಒಂದು ದೊಡ್ಡ ಫಿಲ್ಟರ್ ಇಡಿ. ಬೆಳಿಗ್ಗೆ ಇಡ್ಲಿ ವಡೆ ಹೊತ್ತಿನಲ್ಲಿ ಮಾತ್ರ ಇಟ್ಟರೂ ಸಾಕು. ಮಧ್ಯಾಹ್ನದ ಡಿಕಾಕ್ಷನ್ನನ್ನು ರಾತ್ರಿವರೆಗೆ ಎಳೆಯಬೇಡಿ, ಕುದಿಸಬೇಡಿ, ಕುಡಿಯುವವರು ಕೇಳುವ ಮೊದಲೇ ಸಕ್ಕರೆ ಹಾಕಬೇಡಿ. ಹಾಲು ನಿಮ್ಮಲ್ಲಿ ಇದ್ದೇ ಇದೆ, ಆ ಹಾಲಿಗೆ ತಕ್ಕ ಪುಡಿ ಯಾವುದು ಅಂತ ಕೇಳಿದರೆ ನಾನೇ ಬಂದು ಮಾಡಿ ತೋರಿಸುತ್ತೇನೆ.